ತಮ್ಮನಿಗೆ ಎದೆ ಡವಡವ, ಇಸಿಜಿ ನಾರ್ಮಲ್. ಈಗ ಯಾರ ಹತ್ತಿರ ಕರೆದುಕೊಂಡು ಹೋಗಲಿ?

ತಿಪಟೂರು_ಅಕ್ಕ:
ಎಲ್ಲರಿಗೂ ನಮಸ್ಕಾರ. ತಮ್ಮನಿಗೆ ಗೊತ್ತಿಲ್ಲದ ಹಾಗೆ ಇದನ್ನು ಬರೆಯುತ್ತಿದ್ದೇನೆ. ಅವನಿಗೆ 26 ವರ್ಷ, ಪೀಣ್ಯದಲ್ಲಿ ಮಷಿನ್ ಆಪರೇಟರ್. ದೀಪಾವಳಿ ಆದ ಮೇಲೆ ಶುರುವಾಯಿತು. ಇದ್ದಕ್ಕಿದ್ದ ಹಾಗೆ ಎದೆ ಡವಡವ ಅನ್ನುತ್ತೆ, ಕೈಕಾಲು ತಣ್ಣಗಾಗುತ್ತೆ, ಅಂಗಿ ಒದ್ದೆ ಆಗುವಷ್ಟು ಬೆವರುತ್ತಾನೆ. "ಅಕ್ಕಾ, ಈ ಸಲ ನಾನು ಉಳಿಯಲ್ಲ" ಅಂತಾನೆ. ರಾತ್ರಿ ಆಟೋ ಹಿಡಿದು ಎಮರ್ಜೆನ್ಸಿಗೆ ಓಡಿದ್ದೂ ಆಯಿತು. ಇಸಿಜಿ, ಎಕೋ, ಥೈರಾಯ್ಡ್, ರಕ್ತ ಎಲ್ಲಾ ನಾರ್ಮಲ್. ಡಾಕ್ಟರು ಗ್ಯಾಸಿನ ಮಾತ್ರೆ ಕೊಟ್ಟು "ಟೆನ್ಷನ್ ಮಾಡ್ಕೋಬೇಡಪ್ಪ" ಅಂದರು, ಅಷ್ಟೇ. ಈಗ ಮೆಟ್ರೋ ಹತ್ತೋದು ನಿಲ್ಲಿಸಿದ್ದಾನೆ, ಲಿಫ್ಟ್ ಹತ್ತಲ್ಲ, ಮದುವೆ ಮನೆಗೆ ಹೋದರೆ ಬಾಗಿಲ ಹತ್ತಿರವೇ ಕೂರುತ್ತಾನೆ. ಅಮ್ಮ ದೃಷ್ಟಿ ತೆಗೆಸಿದರು, ಶನಿವಾರ ಶನಿವಾರ ದೇವಸ್ಥಾನವೂ ನಡೀತಾ ಇದೆ. ಕೌನ್ಸೆಲಿಂಗ್ ಮಾಡಿಸಿ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಆದರೆ ಯಾರ ಹತ್ತಿರ? ಇಂಟರ್ನೆಟ್‌ನಲ್ಲಿ ನೋಡಿದರೆ ಎಲ್ಲಾ ಇಂಗ್ಲಿಷ್, ಗಂಟೆಗೆ ಎರಡು ಸಾವಿರ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಹುಚ್ಚಾಸ್ಪತ್ರೆಗೆ ಕರ್ಕೊಂಡು ಹೋಗ್ತೀಯಾ ಅಂತ ಬೇರೆ ಹೆದರುತ್ತಾನೆ.

ಬೆಂಡೆಕಾಯಿ_ಗೊಜ್ಜು:
ಅಕ್ಕ, ನೀವು ಬರೆದಿದ್ದನ್ನು ಓದಿದರೆ ಪ್ಯಾನಿಕ್ ಅಟ್ಯಾಕ್ ಥರಾನೇ ಇದೆ. ನನಗೂ ಇತ್ತು. ಹತ್ತು ನಿಮಿಷದಲ್ಲಿ ನೆತ್ತಿಗೇರಿ, ಅರ್ಧ ಗಂಟೆಯೊಳಗೆ ತಾನಾಗೇ ಇಳಿಯುತ್ತೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಇಳಿದಿರುತ್ತೆ, ಹೃದಯದಲ್ಲಿ ತೊಂದರೆಯೂ ಇರಲ್ಲ, ಅದಕ್ಕೇ ಇಸಿಜಿಯಲ್ಲಿ ಏನೂ ಸಿಗಲ್ಲ, ಮನೆಯವರು "ಸುಮ್ನೆ ನಾಟಕ" ಅಂದುಬಿಡುತ್ತಾರೆ. ನಾಟಕ ಅಲ್ಲ, ಸಾಯುವ ಭಯ ನಿಜವಾಗಿಯೂ ಆಗುತ್ತೆ. ಹೃದಯ, ಥೈರಾಯ್ಡ್ ನೋಡಿಸಿದ್ದು ಒಳ್ಳೇದಾಯ್ತು. ಮತ್ತೆ ಮತ್ತೆ ಎಕೋ ಮಾಡಿಸಬೇಡಿ. ಹತ್ತು ರಿಪೋರ್ಟ್ ನಾರ್ಮಲ್ ಬಂದರೂ ಹನ್ನೊಂದನೇದು ಬೇಕು ಅನ್ನಿಸುತ್ತೆ ಈ ಖಾಯಿಲೆಗೆ.

ಸೂರ್ಯನಮಸ್ಕಾರ_108:
ಇಷ್ಟಕ್ಕೆಲ್ಲಾ ಡಾಕ್ಟರ್ ಯಾಕೆ? ಬೆಳಿಗ್ಗೆ ಎದ್ದು ಅನುಲೋಮ ವಿಲೋಮ ಮಾಡಲಿ, ಮೊಬೈಲ್ ಬಿಡಲಿ, ಕಾಫಿ ಬಿಡಲಿ. ಈಗಿನ ಹುಡುಗರಿಗೆ ತಡೆದುಕೊಳ್ಳುವ ಶಕ್ತಿ ಇಲ್ಲ. ನಮ್ಮ ಕಾಲದಲ್ಲಿ ಕೌನ್ಸೆಲಿಂಗ್ ಅನ್ನೋ ಪದವೇ ಇರಲಿಲ್ಲ.

ಬೆಂಡೆಕಾಯಿ_ಗೊಜ್ಜು:
ಸರ್, ನಿಮ್ಮ ಕಾಲದಲ್ಲೂ ಊರಿಗೊಬ್ಬರು "ಅವನಿಗೆ ಸ್ವಲ್ಪ ತಲೆಬಿಸಿ" ಅಂತ ಮೂಲೆ ಕೋಣೆಯಲ್ಲಿ ಇರುತ್ತಿದ್ದರು ಅಲ್ವಾ? ಕಾಫಿ ಕಡಿಮೆ ಮಾಡೋದನ್ನು ಒಪ್ಪುತ್ತೇನೆ. ಉಳಿದಿದ್ದಕ್ಕೆ ಬೇರೆಯವರು ಉತ್ತರ ಕೊಡಲಿ, ನಾನು ಜಗಳಕ್ಕೆ ಬಂದಿಲ್ಲ.

ಧಾರವಾಡ_ಪೇಢೆ:
ಮೊದಲು ಯಾರು ಏನು ಅಂತ ತಿಳಿದುಕೊಳ್ಳಿ ಅಕ್ಕಾರೆ, ಇಲ್ಲೇ ಮುಕ್ಕಾಲು ಜನ ದಾರಿ ತಪ್ಪುತ್ತಾರೆ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋರೋಗದಲ್ಲಿ ಎಂಡಿ ಅಥವಾ ಡಿಪ್ಲೊಮಾ ಮಾಡಿದ ಡಾಕ್ಟರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯಲ್ಲ, ಥೆರಪಿ, ಅಂದರೆ ಮಾತು ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ಮಾಡುತ್ತಾರೆ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಸಂಖ್ಯೆ ಕೇಳಿದರೆ ತಪ್ಪಿಲ್ಲ, ಕೇಳಿ. ಇನ್ನು ಬರೀ "ಕೌನ್ಸೆಲರ್" ಅಂತ ಬೋರ್ಡ್ ಹಾಕಿಕೊಂಡವರಲ್ಲಿ ಎಂಎಸ್ಸಿ ಸೈಕಾಲಜಿ, ಎಂಎಸ್‌ಡಬ್ಲ್ಯೂ ಮಾಡಿ ಚೆನ್ನಾಗಿ ಪಳಗಿದವರೂ ಇದ್ದಾರೆ, ವಾರಾಂತ್ಯದ ಕೋರ್ಸ್ ಮಾಡಿ ಸರ್ಟಿಫಿಕೇಟ್ ಗೋಡೆಗೆ ಹಾಕಿದವರೂ ಇದ್ದಾರೆ.

ಹುಚ್ಚಾಸ್ಪತ್ರೆ ಅನ್ನೋ ಭಯಕ್ಕೆ ಒಂದು ಮಾತು. ಬೆಂಗಳೂರಿನ ಹಳೇ ಮಾನಸಿಕ ಆಸ್ಪತ್ರೆ, 1954ರಲ್ಲಿ ಶುರುವಾದ ಕಲಿಕೆಯ ಸಂಸ್ಥೆ, ಇವೆರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿಗೆ ಮೂರ್ಛೆರೋಗದವರು, ಪಾರ್ಶ್ವವಾಯು ಆದವರು, ತಲೆಗೆ ಪೆಟ್ಟು ಬಿದ್ದವರು ಎಲ್ಲಾ ಬರುತ್ತಾರೆ. ಹೊಸೂರು ರಸ್ತೆಯ ಗೇಟಿನಲ್ಲಿ ನಿಮ್ಮ ತಮ್ಮ ಒಳಗೆ ಹೋದರೆ ಯಾಕೆ ಹೋದ ಅಂತ ಯಾರಿಗೂ ಗೊತ್ತಾಗಲ್ಲ. ಸರ್ಕಾರಿ ದರ, ಕನ್ನಡದಲ್ಲೇ ಮಾತು. ಆದರೆ ಜನ ಜಾಸ್ತಿ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು, ಅರ್ಧ ದಿನ ಹೋಗುತ್ತೆ. ಬಿಟಿಎಂ ಲೇಔಟ್‌ನಲ್ಲಿ ಅವರದೇ ವೆಲ್‌ಬೀಯಿಂಗ್ ಸೆಂಟರ್ ಇದೆ, ಇಂಥ ಸಾಮಾನ್ಯ ತೊಂದರೆಗಳಿಗೆ ಅದು ಇನ್ನೂ ಹಗುರ. ಮೊದಲೇ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ.

ನಮ್ಮ ಕಡೆಯವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ, ಬೆಂಗಳೂರಿಗೇ ಬರಬೇಕಂತಿಲ್ಲ.

ಕಡಲೆಪುರಿ:
ಊರಲ್ಲೇ ತೋರಿಸಬೇಕು ಅನ್ನುವವರಿಗೆ ಇನ್ನೊಂದು. ಮನೋಚೈತನ್ಯ ಅಂತ ರಾಜ್ಯ ಸರ್ಕಾರದ ಕಾರ್ಯಕ್ರಮ 2014ರಿಂದ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಯಾವ ವಾರ ಯಾವ ತಾಲ್ಲೂಕು ಅಂತ ಆಸ್ಪತ್ರೆಯಲ್ಲಿ ಅಥವಾ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ನಮ್ಮ ಅತ್ತೆಗೆ ಅಲ್ಲೇ ತೋರಿಸಿದ್ದು, ಮಾತ್ರೆಯೂ ಅಲ್ಲೇ ಸಿಕ್ಕಿತು. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತೆ. ದೇಶಕ್ಕೆಲ್ಲಾ ಆ ಕಾರ್ಯಕ್ರಮ ಬರುವ ಮುಂಚೆ 1985ರಲ್ಲಿ ಅದನ್ನು ಮಾಡಿ ನೋಡಿದ್ದು ನಮ್ಮ ಬಳ್ಳಾರಿಯಲ್ಲಿ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಥೆರಪಿಗೆ ಮಾತ್ರ ತಾಲ್ಲೂಕಿನಲ್ಲಿ ಜಾಸ್ತಿ ನಿರೀಕ್ಷೆ ಬೇಡ. ಒಂದೇ ದಿನ ಅಷ್ಟೊಂದು ಜನ ಬಂದರೆ ಒಬ್ಬರ ಜೊತೆ ಮುಕ್ಕಾಲು ಗಂಟೆ ಕೂರೋದು ಎಲ್ಲಿಂದ?

ಹಗಲುಗನಸು_ಹೆಚ್:
ಇದನ್ನೂ ಹೇಳಲೇಬೇಕು. ಎರಡನೇ ಮಗು ಆದ ಮೇಲೆ ನನಗೆ ಏನೂ ಬೇಡ ಅನ್ನಿಸೋದು, ಅಳು ಬರೋದು. ಮೈಸೂರಿನಲ್ಲಿ ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ಮೊದಲ ದಿನವೇ ಅವರು ತಮ್ಮ ಕಥೆ ಶುರು ಮಾಡಿದರು, ಅವರ ಅತ್ತೆ, ಅವರ ನಾದಿನಿ, ಅವರು ಹೇಗೆ ಎಲ್ಲಾ ಸಹಿಸಿಕೊಂಡರು. "ನಿಮಗೇನ್ರೀ ಕಡಿಮೆ, ಒಳ್ಳೇ ಗಂಡ, ಎರಡು ಮಕ್ಕಳು" ಅಂದರು. ದುಡ್ಡು ಕೊಟ್ಟು ಬೈಸಿಕೊಂಡು ಬಂದ ಹಾಗಾಯಿತು. ಆಮೇಲೆ ತುಂಬಾ ದಿನ ಯಾರ ಹತ್ತಿರವೂ ಹೋಗಲಿಲ್ಲ. ಕೊನೆಗೆ ಹೆರಿಗೆ ಮಾಡಿಸಿದ ಡಾಕ್ಟರೇ ಮನೋವೈದ್ಯರಿಗೆ ಕಳಿಸಿದರು, ಅಲ್ಲಿಂದ ಸರಿಹೋಯಿತು. ಕೌನ್ಸೆಲಿಂಗ್ ಅಂದ ತಕ್ಷಣ ಎಲ್ಲಾ ಒಳ್ಳೇದೇ ಅಂದುಕೊಳ್ಳಬೇಡಿ.

ಲೆಕ್ಕಿಗ_ಮಂಡ್ಯ:
ಅದಕ್ಕೇ ಕೇಳ್ತೀನಿ, ಒಳ್ಳೇ ಸ್ನೇಹಿತ ಇದ್ದರೆ ಸಾಕಲ್ವಾ? ಟೀ ಅಂಗಡಿಯಲ್ಲಿ ಕೂತು ಎರಡು ಗಂಟೆ ಮಾತಾಡಿದರೆ ಹಗುರ ಆಗುತ್ತೆ. ಅದಕ್ಕೆ ಯಾಕೆ ಸಾವಿರ ಎರಡು ಸಾವಿರ ಸುರಿಯಬೇಕು? ವ್ಯಂಗ್ಯ ಅಲ್ಲ, ನಿಜವಾಗಿಯೂ ಗೊತ್ತಾಗಬೇಕು. ಆ ಕೋಣೆಯೊಳಗೆ ಏನು ಮಾಡುತ್ತಾರೆ?

ಕೋಣೆಯೊಳಗಿನಿಂದ:
ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೆಲಸ. ಮಂಡ್ಯದವರ ಪ್ರಶ್ನೆ ಸರಿಯಾಗಿದೆ. ಸ್ನೇಹಿತ ಬೇಕೇ ಬೇಕು. ಗೆಳೆಯರು, ಮನೆಯವರು ಇರುವವರು ಬೇಗ ಚೇತರಿಸಿಕೊಳ್ಳೋದನ್ನು ದಿನಾ ನೋಡುತ್ತೇನೆ. ಆದರೆ ಸ್ನೇಹಿತ ಮಾಡೋದು ಸಮಾಧಾನ. ಪ್ಯಾನಿಕ್ ಇರುವವರಿಗೆ ಎಷ್ಟೋ ಸಲ ಸಮಾಧಾನವೇ ಖಾಯಿಲೆಯನ್ನು ಸಾಕುತ್ತದೆ. ಅಕ್ಕನ ತಮ್ಮನನ್ನೇ ನೋಡಿ. ಎದೆ ಸ್ವಲ್ಪ ಜೋರಾಗಿ ಬಡಿಯುತ್ತೆ. ಹಾರ್ಟ್ ಅಟ್ಯಾಕ್ ಅಂತ ಯೋಚನೆ ಬರುತ್ತೆ. ಹೆದರಿಕೆಗೆ ಮೈಯಲ್ಲಿ ಅಡ್ರಿನಲಿನ್ ಏರುತ್ತೆ, ಬಡಿತ ಇನ್ನೂ ಜಾಸ್ತಿ ಆಗುತ್ತೆ, ನೋಡಿದ್ಯಾ ನಿಜವೇ ಅನ್ನಿಸುತ್ತೆ. ಆಗ ಅವನು ಮೆಟ್ರೋ ಇಳಿದುಬಿಡುತ್ತಾನೆ, ಅಥವಾ ಗೆಳೆಯನಿಗೆ ಫೋನ್ ಮಾಡುತ್ತಾನೆ. ಹಗುರ ಆಗುತ್ತೆ. ಇಳಿದಿದ್ದಕ್ಕೇ ಬದುಕಿದೆ ಅಂತ ಮನಸ್ಸು ಬರೆದಿಟ್ಟುಕೊಳ್ಳುತ್ತೆ. ಮುಂದಿನ ಸಲ ಹತ್ತೋದೇ ಇಲ್ಲ.

ನಾವು ಮಾಡೋದು ಇದರ ಉಲ್ಟಾ. ಮೊದಲ ದಿನ ಮುಕ್ಕಾಲು ಗಂಟೆ ಬರೀ ಕೇಳುತ್ತೇವೆ: ಯಾವಾಗ ಶುರುವಾಯಿತು, ಆಗ ಮನೆಯಲ್ಲಿ, ಕೆಲಸದಲ್ಲಿ ಏನು ನಡೀತಿತ್ತು, ನಿದ್ದೆ ಹೇಗೆ, ಕುಡಿತ ಇದೆಯಾ, ಸಾಯಬೇಕು ಅನ್ನಿಸುತ್ತಾ. ಆಮೇಲೆ ಒಂದು ಹಾಳೆಯ ಮೇಲೆ ಈ ಸುತ್ತನ್ನು ಅವರ ಮಾತಿನಲ್ಲೇ ಬರೆದು ತೋರಿಸುತ್ತೇವೆ. ಅದರ ಮುಂದಿನ ವಾರದಿಂದ ನಿಜವಾದ ಕೆಲಸ. ಕೋಣೆಯಲ್ಲೇ ಬೇಕಂತಲೇ ಎದೆ ಬಡಿತ ಏರಿಸುತ್ತೇವೆ. ನಿಂತಲ್ಲೇ ಒಂದು ನಿಮಿಷ ಓಡು ಅನ್ನುತ್ತೇವೆ. ತಿರುಗೋ ಕುರ್ಚಿಯಲ್ಲಿ ಕೂರಿಸಿ ಸುತ್ತಿಸುತ್ತೇವೆ. ಮೂಗು ಹಿಡಿದುಕೊಂಡು ಜ್ಯೂಸ್ ಕುಡಿಯೋ ಸ್ಟ್ರಾದಲ್ಲಿ ಉಸಿರಾಡಿಸುತ್ತೇವೆ. ನೋಡುವವರಿಗೆ ತಮಾಷೆ, ಮಾಡುವವರಿಗೆ ಜೀವ ಬಾಯಿಗೆ ಬಂದಿರುತ್ತೆ. ಭಯ ನೂರಕ್ಕೆ ಎಷ್ಟು ಅಂತ ಕೇಳುತ್ತೇವೆ. ಎಂಬತ್ತು ಅಂತಾರೆ. ಏನೂ ಮಾಡದೆ ಕೂತಿರಿ ಅನ್ನುತ್ತೇವೆ. ಅರವತ್ತು. ನಲವತ್ತು. ಯಾರೂ ಹಿಡಿದುಕೊಳ್ಳದೇ, ಮಾತ್ರೆ ನುಂಗದೇ ಇಳಿಯುತ್ತೆ ಅಂತ ಮೈಗೇ ಗೊತ್ತಾಗಬೇಕು, ಬಾಯಲ್ಲಿ ಹೇಳಿದರೆ ಆಗಲ್ಲ. ಹೃದಯದ ತೊಂದರೆ, ಆಸ್ತಮಾ ಇರುವವರಿಗೆ, ಬಸುರಿಯರಿಗೆ ಇದನ್ನು ಹೀಗೆಯೇ ಮಾಡಿಸಲ್ಲ, ದಯವಿಟ್ಟು ಯಾರೂ ಓದಿಕೊಂಡು ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಆಮೇಲೆ ಹೊರಗೆ. ಪೀಣ್ಯದವನಾದರೆ ಮೊದಲು ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನೆ ನಿಂತು ಬರೋದು. ಆಮೇಲೆ ಗೊರಗುಂಟೆಪಾಳ್ಯದವರೆಗೆ ಒಂದೇ ಸ್ಟಾಪು. ಆಮೇಲೆ ಯಶವಂತಪುರ. ಕೊನೆಗೆ ಸಂಪಿಗೆ ರಸ್ತೆ ದಾಟಿ ಸುರಂಗದೊಳಗೆ ಮೆಜೆಸ್ಟಿಕ್. ಜೇಬಿನಲ್ಲಿ ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ, ವಾಚಿನಲ್ಲಿ ಪಲ್ಸ್ ನೋಡೋದು, ಧೈರ್ಯಕ್ಕೆ ಹಿಡಿದುಕೊಂಡ ಈ ಊರುಗೋಲುಗಳನ್ನೆಲ್ಲಾ ಒಂದೊಂದಾಗಿ ಬಿಡಿಸುತ್ತೇವೆ. ಸೂರ್ಯನಮಸ್ಕಾರದವರಿಗೆ ಇದೇ ಉತ್ತರ. ಪ್ರಾಣಾಯಾಮ ದಿನಾ ಮಾಡಲಿ, ಒಳ್ಳೇದು. ಆದರೆ ಅಟ್ಯಾಕ್ ಬಂದಾಗ "ಉಸಿರು ಸರಿಯಾಗಿ ಎಳೆಯದಿದ್ದರೆ ಸತ್ತೆ" ಅಂತ ಹೆದರಿ ಮಾಡಿದರೆ ಅದೂ ಇನ್ನೊಂದು ನೀರಿನ ಬಾಟಲಿಯೇ.

ಹಗಲುಗನಸು ಅವರಿಗೆ ಆಗಿದ್ದು ಕೌನ್ಸೆಲಿಂಗ್ ಅಲ್ಲ. ನಾವು ನಮ್ಮ ಸಂಸಾರದ ಕಥೆ ಹೇಳಬಾರದು, ಮದುವೆ ಆಗು, ಡೈವೋರ್ಸ್ ಕೊಡು ಅಂತ ತೀರ್ಪು ಕೊಡಬಾರದು. ಮೊದಲ ದಿನವೇ ನಾಲ್ಕು ಮಾತು ಕೇಳಿ: ಏನು ಓದಿದ್ದೀರಿ, ನನ್ನ ತೊಂದರೆಗೆ ಯಾವ ರೀತಿ ಥೆರಪಿ ಮಾಡುತ್ತೀರಿ, ಸುಮಾರು ಎಷ್ಟು ವಾರ ಬೇಕು, ಮಾತ್ರೆ ಬೇಕೆನಿಸಿದರೆ ಯಾರ ಹತ್ತಿರ ಕಳಿಸುತ್ತೀರಿ. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡರೆ ಎದ್ದು ಬನ್ನಿ. ಪ್ಯಾನಿಕ್, ಸಾಧಾರಣ ಖಿನ್ನತೆ ಇಂಥವಕ್ಕೆ ಎರಡು ಮೂರು ತಿಂಗಳು, ವಾರಕ್ಕೊಂದು ಸಲ, ಅಷ್ಟರಲ್ಲಿ ಏನಾದರೂ ಬದಲಾವಣೆ ಕಾಣಬೇಕು. ವರ್ಷಗಟ್ಟಲೆ ಎಳೆಯುತ್ತಾ ಇದ್ದರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಲೆಕ್ಕಿಗ_ಮಂಡ್ಯ:
ಮೇಡಂ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಟೀ ಅಂಗಡಿಯಲ್ಲಿ ಕುರ್ಚಿ ಸುತ್ತಿಸೋಕಾಗಲ್ಲ, ಒಪ್ಪಿದೆ. ಆದರೆ ದುಡ್ಡಿನ ಮಾತು ಹಾಗೇ ಉಳಿಯಿತು. ವಾರಕ್ಕೊಂದು ಸಲ ಅಂದರೆ ತಿಂಗಳಿಗೆ ಆರು, ಎಂಟು ಸಾವಿರ. ಪೀಣ್ಯದ ಸಂಬಳದಲ್ಲಿ ಮನೆ ಬಾಡಿಗೆ ಅಷ್ಟೇ ಇರುತ್ತೆ.

ಕೋಣೆಯೊಳಗಿನಿಂದ:
ಸರ್ ಅಂದರೆ ಸಾಕು :) ದುಡ್ಡಿನ ವಿಷಯದಲ್ಲಿ ನನ್ನ ಹತ್ತಿರ ಒಳ್ಳೇ ಉತ್ತರ ಇಲ್ಲ. ಜನ ಚಿಕಿತ್ಸೆಗೆ ಬರದಿರೋದಕ್ಕೆ ಎಲ್ಲರೂ ಕಳಂಕ, ಅಂದರೆ ನಾಚಿಕೆ ಕಾರಣ ಅಂತಾರೆ. ನನ್ನ ಅನುಭವದಲ್ಲಿ ಕಳಂಕ ದಾಟಿ ಬಂದವರನ್ನು ಬಸ್ ಚಾರ್ಜು, ಒಂದು ದಿನದ ಕೂಲಿ, ಭಾಷೆ, ಇವು ವಾಪಸ್ ಕಳಿಸುತ್ತವೆ. ಎರಡನೇ ವಾರ ಬರದವರಿಗೆ ಫೋನ್ ಮಾಡಿದರೆ "ರಜೆ ಕೊಡಲಿಲ್ಲ ಸರ್" ಅನ್ನೋದೇ ಜಾಸ್ತಿ. ನಿಮ್ಹಾನ್ಸ್‌ನವರು 2015-16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ, ಆತಂಕ, ಖಿನ್ನತೆಯಂಥ ಸಾಮಾನ್ಯ ತೊಂದರೆ ಇರುವವರಲ್ಲಿ ನೂರಕ್ಕೆ 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇವರೆಲ್ಲಾ ನಾಚಿಕೆಗೇ ಮನೆಯಲ್ಲಿ ಕೂತವರು ಅಂದರೆ ನಾನು ನಂಬಲ್ಲ.

ಸದ್ಯಕ್ಕೆ ಪುಕ್ಕಟೆ ದಾರಿ ಸರ್ಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್. 14416ಕ್ಕೆ ಫೋನ್ ಮಾಡಿ, ಕನ್ನಡ ಆರಿಸಿಕೊಳ್ಳಿ. 24 ಗಂಟೆಯೂ ಇರುತ್ತೆ, 2022ರ ಅಕ್ಟೋಬರ್ 10ರಂದು ಶುರುವಾಗಿದ್ದು. ತರಬೇತಿ ಪಡೆದ ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ಮೇಲಿನವರಿಗೆ ದಾಟಿಸುತ್ತಾರೆ, ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು ಅಂತಲೂ ಹೇಳುತ್ತಾರೆ. ವಾರವಾರದ ಥೆರಪಿಗೆ ಇದು ಬದಲಿ ಅಲ್ಲ, ಬಾಗಿಲು ಅಷ್ಟೇ.

ಕೆಂಗೇರಿ_ಕೀರ್ತಿ:
ಇನ್ಷೂರೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಂ ಪ್ರಕಾರ ದೈಹಿಕ ಖಾಯಿಲೆಗೆ ಕೊಡುವ ಹಾಗೆಯೇ ಮಾನಸಿಕ ಖಾಯಿಲೆಗೂ ವಿಮೆ ಕೊಡಬೇಕು. ಆದರೆ ಹೆಚ್ಚಿನ ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುತ್ತವೆ, ವಾರವಾರ ಹೋಗಿ ಕೂತು ಬರುವ ಥೆರಪಿಗೆ ಓಪಿಡಿ ಕವರ್ ಇರಬೇಕು. ಪಾಲಿಸಿ ಓದಿ ನೋಡಿ. ಫ್ಯಾಕ್ಟರಿಯಲ್ಲಿ ಇಎಸ್‌ಐ ಕಟ್ ಆಗ್ತಾ ಇದ್ದರೆ ಇಎಸ್‌ಐ ಆಸ್ಪತ್ರೆಯಲ್ಲಿ ಮನೋವೈದ್ಯರು ಇದ್ದಾರಾ ಅಂತ ಮೊದಲು ವಿಚಾರಿಸಿ, ಅಕ್ಕ ಇದನ್ನು ಮರೆತಿರಬಹುದು. ಇನ್ನೊಂದು, ಅದೇ ಕಾಯ್ದೆಯಲ್ಲಿ ರೋಗಿಯ ವಿಷಯ ಗುಟ್ಟಾಗಿಡಬೇಕು ಅಂತ ಇದೆ. ಡಾಕ್ಟರು ಕಂಪನಿಗೆ ಫೋನ್ ಮಾಡಿ ಹೇಳಿಬಿಡುತ್ತಾರೆ ಅನ್ನೋ ಭಯ ಬೇಡ.

ತಿಪಟೂರು_ಅಕ್ಕ:
ಎಲ್ಲರಿಗೂ ಥ್ಯಾಂಕ್ಸ್. ಇಎಸ್‌ಐ ಕಾರ್ಡ್ ಇದೆ, ತಲೆಗೇ ಹೊಳೆದಿರಲಿಲ್ಲ! ಇಡೀ ಚರ್ಚೆಯನ್ನು ತಮ್ಮನಿಗೆ ಓದಿಸಿದೆ. ಸ್ಟ್ರಾದಲ್ಲಿ ಉಸಿರಾಡಿಸುತ್ತಾರೆ ಅನ್ನೋದನ್ನು ಓದಿ ನಕ್ಕ, ತುಂಬಾ ದಿನ ಆಗಿತ್ತು ನಗದೆ. ಡಾಕ್ಟರ ಹತ್ತಿರ ಹೋಗಿಯೂ ಬಂದೆವು. ಪ್ಯಾನಿಕ್ ಡಿಸಾರ್ಡರ್ ಅಂದರು, ಎಸ್ಸಿಟಲೋಪ್ರಾಮ್ ಅನ್ನೋ ಮಾತ್ರೆ ಬರೆದಿದ್ದಾರೆ, ಜೊತೆಗೆ ಥೆರಪಿಗೆ ಹಾಕಿದ್ದಾರೆ. ಈಗ ಹೊಸ ರಗಳೆ. ಒಂದು ಸಲ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕು, ಚಟ ಆಗುತ್ತೆ ಅಂತ ಅಮ್ಮ ಹಟ ಹಿಡಿದಿದ್ದಾರೆ. ಅವನೂ ನಾಲ್ಕು ದಿನ ತಗೊಂಡು ಹೊಟ್ಟೆ ತೊಳಸುತ್ತೆ, ಏನೂ ವ್ಯತ್ಯಾಸ ಇಲ್ಲ ಅಂತಾನೆ. ಮುಂಚೆ ರೂಮ್‌ಮೇಟ್ ಕೊಟ್ಟ ಮಾತ್ರೆ ಚೆನ್ನಾಗಿತ್ತಂತೆ, ಅರ್ಧ ಗಂಟೆಯಲ್ಲಿ ಆರಾಮ ಆಗುತ್ತಿತ್ತಂತೆ. ಆಲ್ಪ್ರಾಜೋಲಮ್ ಅಂತೆ. ಅದೆಲ್ಲಾ ನನಗೆ ಈಗಲೇ ಗೊತ್ತಾಗಿದ್ದು.

ಸಂಜೆ_ಓಪಿಡಿ:
ಮನೋವೈದ್ಯೆ ನಾನು. ಅಮ್ಮನಿಗೆ ಭಯ ಇರಬೇಕಾದ್ದು ರೂಮ್‌ಮೇಟ್ ಕೊಟ್ಟ ಮಾತ್ರೆಯ ಬಗ್ಗೆ. ಆಲ್ಪ್ರಾಜೋಲಮ್, ಕ್ಲೋನಾಜೆಪಾಮ್ ಬೇಗ ಕೆಲಸ ಮಾಡುತ್ತವೆ, ಅದಕ್ಕೇ ಅಭ್ಯಾಸ ಆಗಿಬಿಡುತ್ತವೆ. ನಾವು ಬರೆದರೂ ಕೆಲವು ವಾರ ಬರೆದು ನಿಲ್ಲಿಸುತ್ತೇವೆ. ದಿನಾ ತಗೊಳ್ಳುತ್ತಿದ್ದನಾ, ಎಷ್ಟು ದಿನದಿಂದ ಅಂತ ಡಾಕ್ಟರಿಗೆ ಹೇಳಲೇಬೇಕು, ಒಮ್ಮೆಲೇ ನಿಲ್ಲಿಸಿದರೆ ಅಪಾಯ ಆಗಬಹುದು.

ಎಸ್ಸಿಟಲೋಪ್ರಾಮ್ ಆ ಜಾತಿಯದಲ್ಲ. ಮೊದಲ ವಾರ ಹೊಟ್ಟೆ ತೊಳಸೋದು, ಸ್ವಲ್ಪ ಚಡಪಡಿಕೆ ಇರೋದು ಮಾಮೂಲು, ತಿಂಡಿ ತಿಂದು ತಗೊಂಡರೆ ಕಡಿಮೆ. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ನಾಲ್ಕು ದಿನಕ್ಕೇ ತೀರ್ಮಾನ ಮಾಡಬೇಡಿ. ಜೀವನಪೂರ್ತಿ ಅಲ್ಲ. ಪೂರ್ತಿ ಹುಷಾರಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ನಿಧಾನಕ್ಕೆ ಡೋಸ್ ಇಳಿಸುತ್ತೇವೆ. "ಈಗ ಚೆನ್ನಾಗಿದ್ದೀನಿ" ಅಂತ ಅವನೇ ನಿಲ್ಲಿಸಬಾರದು. ತಲೆ ತಿರುಗಿ, ಮೈಯಲ್ಲಿ ಕರೆಂಟ್ ಹೊಡೆದ ಹಾಗಾಗಿ, ಖಾಯಿಲೆ ವಾಪಸ್ ಬಂತು ಅಂತ ಹೆದರಿ ಓಡಿ ಬರುತ್ತಾರೆ. ತೀರಾ ಚಡಪಡಿಕೆ ಆದರೆ ಅಥವಾ ಸಾಯಬೇಕು ಅನ್ನೋ ಯೋಚನೆ ಬಂದರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ.

ದೇವಸ್ಥಾನ ನಿಲ್ಲಿಸಬೇಕಾಗಿಲ್ಲ. ಅಮ್ಮನ ಹತ್ತಿರ ಆ ಜಗಳ ಮಾಡಬೇಡಿ, ಅದರಿಂದ ಲಾಭ ಇಲ್ಲ. ಮಾತ್ರೆ ನುಂಗಿಸುವ ಜವಾಬ್ದಾರಿ ಅಮ್ಮನಿಗೇ ಕೊಡಿ. ನನ್ನ ಎಷ್ಟೋ ರೋಗಿಗಳ ಮನೆಯಲ್ಲಿ ಇದು ನಡೆದಿದೆ.

ಸೂರ್ಯನಮಸ್ಕಾರ_108:
ಕನ್ನಡದಲ್ಲಿ ಓದೋಕೆ ಏನಾದರೂ ಇದೆಯಾ? ನನಗಲ್ಲ, ನಮ್ಮ ಮನೆಯವರಿಗೆ. ರಾತ್ರಿ ಗ್ಯಾಸ್ ಆಫ್ ಮಾಡಿದ್ದೀನಾ ಅಂತ ಎದ್ದೆದ್ದು ನೋಡುತ್ತಾರೆ.

ಕಡಲೆಪುರಿ:
ಅಂತೂ ಬಂದಿರಿ ಸರ್. ನಿಮ್ಹಾನ್ಸ್‌ನಲ್ಲಿ ಪ್ರೊಫೆಸರ್ ಆಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಬರೆದದ್ದು ಯಾವುದಾದರೂ ತಗೊಳ್ಳಿ, ಲೈಬ್ರರಿಯಲ್ಲೂ ಸಿಗುತ್ತೆ. ಈ ವಿಷಯವನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದವರು, 2024ರಲ್ಲಿ ಪದ್ಮಶ್ರೀ ಬಂತು. ಎದ್ದೆದ್ದು ನೋಡೋದು ಜಾಸ್ತಿಯಾಗಿ ನಿದ್ದೆಗೆಟ್ಟರೆ ಮಾತ್ರ ಪುಸ್ತಕ ಸಾಲಲ್ಲ, ತೋರಿಸಿ.

ಹಾವೇರಿ_ಅಮ್ಮ:
ನಡುವೆ ಬಂದಿದ್ದಕ್ಕೆ ಬೇಜಾರಾಗಬೇಡಿ. ನನ್ನ ಮಗಳು ಎರಡನೇ ಪಿಯು. ಒಂದು ತಿಂಗಳಿಂದ ಊಟ ಸರಿ ಇಲ್ಲ, ಪುಸ್ತಕ ಮುಟ್ಟೋದಿಲ್ಲ, ಗೆಳತಿಯರ ಫೋನ್ ಎತ್ತೋದಿಲ್ಲ. ನಿನ್ನೆ "ನಾನಿಲ್ಲದಿದ್ದರೆ ನಿಮಗೆ ಫೀಸ್ ಆದರೂ ಉಳಿಯುತ್ತಿತ್ತು" ಅಂದಳು. ನಾನು ಬೈದು ಸುಮ್ಮನಾಗಿಸಿದೆ. ರಾತ್ರಿಯೆಲ್ಲಾ ನಿದ್ದೆ ಬಂದಿಲ್ಲ. ಕೆದಕಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತಾರೆ ಇವರು.

ಸಂಜೆ_ಓಪಿಡಿ:
ಇಲ್ಲಮ್ಮ, ಹಾಗಾಗಲ್ಲ. ಕೇಳಿದರೆ ಆ ಯೋಚನೆ ಹುಟ್ಟಲ್ಲ, ಹೇಳಿಕೊಳ್ಳೋಕೆ ಒಂದು ದಾರಿ ಸಿಗುತ್ತೆ. ಇವತ್ತೇ ಕೇಳಿ, ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಾ ಇದೆಯಾ ಮಗಳೇ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?" ಏನೇ ಹೇಳಿದರೂ ಬೈಬೇಡಿ, ಮಾರ್ಕ್ಸ್ ಮಾತು ತೆಗೀಬೇಡಿ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಈಗಲೇ ಬೇರೆ ಕಡೆ ಸಾಗಿಸಿ, ಅಜ್ಜ ಅಜ್ಜಿಯ ಮಾತ್ರೆಗಳನ್ನೂ ಬೀಗ ಹಾಕಿಡಿ. ಇವತ್ತು ರಾತ್ರಿ ಅವಳ ಕೋಣೆಯಲ್ಲೇ ಮಲಗಿ. 14416ಕ್ಕೆ ಫೋನ್ ಮಾಡಿ. ನಾಳೆ ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ, ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಹೇಗೆ ಅಂತ ಯೋಚಿಸಿದ್ದೀನಿ ಅಂದಳು ಅಂದರೆ ನಾಳೆವರೆಗೂ ಬೇಡ, ಈಗಲೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಒಬ್ಬಳನ್ನೇ ಬಿಡಬೇಡಿ.

ಹಾವೇರಿ_ಅಮ್ಮ:
ಔಷಧಿ ಡಬ್ಬಿ ಹಿತ್ತಲಿನಲ್ಲೇ ಇತ್ತು. ಇವರು ಈಗ ತಮ್ಮಂದಿರ ಮನೆಗೆ ತಗೊಂಡು ಹೋದರು. ಫೋನ್ ಮಾಡುವಾಗ ಅವಳು ಪಕ್ಕದಲ್ಲೇ ಇರಬೇಕಾ? ಇದ್ದರೆ ಎದ್ದು ಹೋಗುತ್ತಾಳೆ.

ಸಂಜೆ_ಓಪಿಡಿ:
ಬೇಕಾಗಿಲ್ಲ. ಅವಳ ಹತ್ತಿರ ಮನೆಯವರು ಯಾರನ್ನಾದರೂ ಕೂರಿಸಿ, ನೀವು ಹೊರಗೆ ಬಂದು ಮಾಡಿ. ಮನೆಯವರೂ ಅದೇ ನಂಬರಿಗೆ ಮಾತಾಡಬಹುದು.